ಹತ್ತು ನಿಮಿಷದ ಲೆಕ್ಕ

ಒಂದು ಕಿರುಚಿತ್ರದ ಬೆನ್ನು ಹತ್ತಿ ಬರೆದುಕೊಂಡ ಟಿಪ್ಪಣಿಗಳು

ಇಳಕಲ್ಲ

ಸೋದರಳಿಯ ಮತ್ತು ಅವನ ಗೆಳೆಯರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕಿರುಚಿತ್ರ ಸ್ಪರ್ಧೆಗೆ ಸಿನಿಮಾ ಮಾಡುತ್ತಿದ್ದಾರೆ. ಸ್ಪರ್ಧೆ 2015ರಿಂದ ನಡೆದು ಬಂದಿದೆ. ಭಾರತದ ಯಾವ ಭಾಷೆಯಾದರೂ ಸರಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇರಬೇಕು. ಮೂರು ನಿಮಿಷಕ್ಕೆ ಕಡಿಮೆ ಆಗಬಾರದು, ಹತ್ತು ನಿಮಿಷ ದಾಟಬಾರದು. ಇತ್ತೀಚಿನ ವರ್ಷಗಳಲ್ಲಿ ಮೊದಲ ಬಹುಮಾನ 2 ಲಕ್ಷ ರೂಪಾಯಿ. ನನಗೆ ವಹಿಸಿದ ಕೆಲಸ ಮೂರು: ಕಾರು ಕೊಡುವುದು, ಚಹಾ ತರಿಸುವುದು, ನಡುವೆ ಬಾಯಿ ಹಾಕದೆ ಇರುವುದು. ಮೂರನೆಯದು ಆಗದ ಮಾತು, ಅದಕ್ಕೇ ಈ ವಹಿ.

ಕಥೆ ಇಷ್ಟೇ. ಮಗ್ಗದ ಮೇಲೆ ಕೂತವನಿಗೆ ಸೀರೆಗಿಷ್ಟು ಎಂದು ಕೂಲಿ. ಕಂಡಿಕೆ ಸುತ್ತಿ, ಹಾಸು ಹೂಡಿ, ಎಳೆ ಜೋಡಿಸಿಕೊಡುವ ಹೆಂಡತಿಗೆ ಬೇರೆ ಕೂಲಿ ಇಲ್ಲ. ಅದು ಮನೆಗೆಲಸದ ಲೆಕ್ಕದಲ್ಲಿ ಹೋಗುತ್ತದೆ. ಒಂದು ಮುಂಜಾನೆ ಆಕೆ ಕೈ ಕಟ್ಟಿ ಕೂರುತ್ತಾಳೆ. ಮಗ್ಗ ನಿಲ್ಲುತ್ತದೆ. ಕೇಳಿದಾಗ ಇದಕ್ಕೆ ಹತ್ತು ನಿಮಿಷ ಧಾರಾಳ ಅನ್ನಿಸಿತು.

*

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಉದ್ದನೆಯ ಒಂದೇ ಹಾಸು ಹೂಡಿ ಒಂದರ ಹಿಂದೊಂದು ಸೀರೆ ಇಳಿಸುವ ಹಾಗಿಲ್ಲ. ಪ್ರತಿ ಸೀರೆಗೂ ಹೊಸ ಹಾಸು, ಹೊಸ ಕೊಂಡಿ. ಮಗ್ಗಕ್ಕೆ ಮುಂಚಿನ ಈ ಕೆಲಸ ಬಹುಪಾಲು ಮನೆಯ ಹೆಣ್ಣುಮಕ್ಕಳದೇ. ತೋಪು ತೆನೆ ಸೆರಗಿನ ಕೆಂಪು–ಬಿಳಿ ಪಟ್ಟೆಗಳನ್ನು ಊರೆಲ್ಲ ಹೊಗಳುತ್ತದೆ. ಸೆರಗು ಒಡಲಿಗೆ ಹತ್ತಿಕೊಂಡಿದ್ದು ಹೇಗೆ ಎಂದು ಉಟ್ಟವರೂ ಕೇಳುವುದಿಲ್ಲ.

ನಾವು ಚಿತ್ರೀಕರಣಕ್ಕೆ ಹೋದ ನೇಕಾರರ ಮನೆಯ ಒಡತಿ ಕೊಂಡಿ ಹಾಕುತ್ತ ಕೂತರು. ಹುಡುಗರು ಫೋನು ಹಿಡಿದರು.

“ಯವ್ವಾ, ಕ್ಯಾಮೆರಾ ಕಡೆ ನೋಡಬ್ಯಾಡ್ರಿ. ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ.”

“ದಿನಾ ಇಷ್ಟ ಮಂದಿ ಎಲ್ಲಿ ಬಂದು ಕುಂದರತಾರೋ ತಮ್ಮಾ?”

ಈ ಪ್ರಶ್ನೆಗೆ ನಿರ್ದೇಶಕನ ಹತ್ತಿರ ಉತ್ತರವಿಲ್ಲ. ನನ್ನ ಹತ್ತಿರವೂ ಇಲ್ಲ.

*

ತೆಗೆದಿದ್ದನ್ನು ನೋಡಿದರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತಿವೆ. ದೆವ್ವವಲ್ಲವಂತೆ, ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಸಿನದು. ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುವಂತೆ ಇತ್ತು, ಎರಡರ ತಾಳ ಕೂಡಲಿಲ್ಲ. 25ಕ್ಕೆ ಇಳಿಸಿ, ಶಟರ್ ವೇಗ ಸೆಕೆಂಡಿನ ಐವತ್ತನೇ ಒಂದಕ್ಕೆ ಇಟ್ಟ ಮೇಲೆ ಪಟ್ಟಿ ಮಾಯವಾದವು. ಇದೇ ಬೆಳಕಿನಲ್ಲಿ ಕುಣಿಮಗ್ಗದೊಳಗೆ ಕಾಲಿಟ್ಟು ನೇಯುವವರ ಕಣ್ಣಿಗೆ ಎಷ್ಟು ಇಡಬೇಕು ಎಂದು ಯಾರೂ ಲೆಕ್ಕ ಹಾಕಿಲ್ಲ.

*

ಪಕ್ಕದ ಮನೆಯಲ್ಲಿ ಪವರ್‌ಲೂಮು. ಅದು ನಡೆದಾಗ ಮಾತು ಕೇಳುವುದಿಲ್ಲ. ಕರೆಂಟು ಹೋದರೆ ಅದು ನಿಲ್ಲುತ್ತದೆ, ಆದರೆ ನಮ್ಮ ಬೆಳಕೂ ಹೋಗುತ್ತದೆ. ಕೊನೆಗೆ ಹುಡುಗರು ಕಂಡುಕೊಂಡ ದಾರಿ: ಕರೆಂಟು ಇದ್ದಾಗ ಚಿತ್ರ, ಹೋದಾಗ ಶಬ್ದ.

ಅದರ ಮೇಲೆ ಇನ್ನೊಂದು ವಿಚಿತ್ರ. ಎಲ್ಲರೂ ನಿಂತಲ್ಲೇ ನಿಂತು ಅರ್ಧ ನಿಮಿಷ ಬರೀ ಮೌನವನ್ನು ರೆಕಾರ್ಡ್ ಮಾಡಬೇಕಂತೆ, ರೂಮ್ ಟೋನ್ ಅಂತ. ಪ್ರತಿ ಮನೆಯ ಮೌನ ಬೇರೆ ಇರುತ್ತದೆ, ಎಡಿಟಿಂಗಿನಲ್ಲಿ ಮಾತುಗಳ ನಡುವಿನ ಸಂದಿಗೆ ಅದನ್ನೇ ತುಂಬುತ್ತಾರೆ ಎಂದ ಅಳಿಯ. ಅರ್ಧ ನಿಮಿಷದೊಳಗೆ ಕೋಳಿ ಕೂಗಿತು, ಟಂಟಂ ಹಾಯಿತು, ಯಾರಿಗೋ ಸೀನು ಬಂತು.

ಹುನಗುಂದ

ಹೆಂಡತಿಯ ಪಾತ್ರಕ್ಕೆ ಹಳೆಯ ಕಂಪನಿ ನಾಟಕದ ಕಲಾವಿದೆಯೊಬ್ಬರು ಒಪ್ಪಿದ್ದಾರೆ. ಮುಖ ಇವರದು, ಕೊಂಡಿ ಹಾಕುವ ಕೈ ಇಳಕಲ್ಲಿನವರದು.

ಈ ಸೀಮೆಗೆ ಅಭಿನಯ ಹೊಸದಲ್ಲ. ‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರು ಈ ಕಡೆಯವರು. ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನೆರೆದರೆ ಸಾಲು ಸಾಲು ನಾಟಕ ಕಂಪನಿಗಳ ಟೆಂಟು ಏಳುತ್ತವೆ, ಬೆಳ್ಳನ ಬೆಳಗಿನವರೆಗೆ ಆಟ. ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಮಾತು ಮುಟ್ಟಬೇಕು. ಅಂಥ ಗಂಟಲು ಇವರದು.

ಈಗ ಫೋನು ಎರಡು ಅಡಿ ದೂರದಲ್ಲಿದೆ.

“ಅಕ್ಕಾರ, ಸ್ವಲ್ಪ ಕಡಿಮಿ ಮಾಡ್ರಿ.”

ಮಾಡಿದರು.

“ಇನ್ನೂ ಕಡಿಮಿ.”

“ಇನ್ನೂ ಕಡಿಮಿ ಮಾಡಿದ್ರ ಏನೂ ಮಾಡದಂಗ ಆಗ್ತದೋ ಅಪ್ಪಾ.”

“ಅದೇ ಬೇಕ್ರಿ.”

ಅವರು ನನ್ನ ಕಡೆ ತಿರುಗಿ, ಏನೂ ಮಾಡಬಾರದು ಅಂದ್ರ ನನ್ನನ್ಯಾಕ ಕರಸ್ಯಾರ ಎಂದು ಕೇಳಿದರು. ಆದರೆ ಮುಂದಿನ ಸಲ ಅವರು ಸುಮ್ಮನೆ ಕೂತು, ಗಂಡ ಕರೆದಾಗ ರೆಪ್ಪೆ ಮಾತ್ರ ಎತ್ತಿದರು. ಓಣಿಯ ಮಂದಿ ಸಿಳ್ಳೆ ಹೊಡೆಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಅಕ್ಕಾರ್ ಚೆನ್ನಾಗಿ ಬರಲಿಲ್ಲವೇನೋ ಎಂದು ಪೇಚಾಡಿಕೊಂಡರು. ಕ್ಯಾಮೆರಾ ಹಿಡಿದವನೊಬ್ಬನೇ ಕುಣಿಯುತ್ತಿದ್ದ.

*

ಹುಡುಗರ ಬಾಯಲ್ಲಿ ಸದಾ ಒಂದು ಹೆಸರು: ಚಿದಾನಂದ ನಾಯ್ಕ. ಮೈಸೂರಿನಲ್ಲಿ ವೈದ್ಯರಾಗಿದ್ದವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, ಮುದುಕಿ ಹುಂಜ ಕದ್ದಿದ್ದಕ್ಕೆ ಊರಿಗೆ ಬೆಳಗೇ ಆಗದ ಜನಪದ ಕಥೆಯನ್ನು 16 ನಿಮಿಷದ ಕನ್ನಡ ಚಿತ್ರ ಮಾಡಿದರು. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ನಾಲ್ಕೇ ದಿನದಲ್ಲಿ ಚಿತ್ರೀಕರಣ ಮುಗಿಸಿದ್ದು ನಮ್ಮ ಹುಡುಗರಿಗೆ ಗೀತೆಯ ಮಾತಾಗಿದೆ. ಆ ನಾಲ್ಕು ದಿನದ ಹಿಂದೆ ಎಷ್ಟು ತಯಾರಿ ಇತ್ತು ಎಂದು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ.

ಬಾದಾಮಿ

ನೇಕಾರನ ಹೆಂಡತಿಯ ಕಥೆಗೆ ಬಾದಾಮಿ ಯಾಕೆ? ಮೂರು ಉತ್ತರ ಸಿಕ್ಕವು. “ಆಕಿ ನೆನಪಿನಾಗ ಬರ್ತದ.” “ಬೆಳಕು ಚೊಲೋ ಅದ.” “ಬಾದಾಮಿ ಹತ್ರ ಶೂಟ್ ಮಾಡಿ ಬಾದಾಮಿ ತೋರಿಸ್ಲಿಲ್ಲಂದ್ರ ಮಂದಿ ನಗ್ತಾರ.” ಮೂರನೆಯದೇ ನಿಜ ಇರಬೇಕು. ಮಣಿರತ್ನಂ ತಂಡ ‘ಗುರು’ ಚಿತ್ರಕ್ಕಾಗಿ ಇಲ್ಲಿಗೆ ಬಂದು ಹೋದ ಮೇಲೆ ಊರಿಗೂ ತನ್ನ ಮುಖ ಚೆನ್ನಾಗಿದೆ ಎಂದು ಗೊತ್ತಾಗಿದೆ.

ಗುಹೆಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಒಳಗೆ ಸಿನಿಮಾ ತೆಗೆಯಲು ಮೊದಲೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಲೈಸೆನ್ಸ್ ಪಡೆಯಬೇಕು. ಆ ದುಡ್ಡು ನಮ್ಮ ಇಡೀ ಸಿನಿಮಾದ ಖರ್ಚಿಗಿಂತ ಹೆಚ್ಚು. ಕ್ಯಾಮೆರಾ ಚೀಲದಲ್ಲೇ ಉಳಿಯಿತು. ನಾವು ಟಿಕೆಟ್ ತೆಗೆದುಕೊಂಡು ಪ್ರವಾಸಿಗಳ ಹಾಗೆ ಗುಹೆ ನೋಡಿ ಬಂದೆವು.

ಮೂರನೇ ಗುಹೆಯಲ್ಲಿ 578ರ ಶಾಸನ. ಕೀರ್ತಿವರ್ಮನ ತಮ್ಮ ಮಂಗಲೇಶ ಈ ವಿಷ್ಣುಗೃಹ ಮಾಡಿಸಿದ ಎಂದು ಹೇಳುತ್ತದೆ. ಉಳಿ ಹಿಡಿದವರಲ್ಲಿ ಕೆಲವರು ತಮ್ಮ ಹೆಸರನ್ನು ಕಲ್ಲಿನ ಮೇಲೆ ಅಲ್ಲಲ್ಲಿ ತಾವೇ ಕೊರೆದುಕೊಂಡಿದ್ದಾರೆ. ಮಾಡಿಸಿದವನ ಹೆಸರು ಶಾಸನದಲ್ಲಿ, ಮಾಡಿದವರ ಹೆಸರು ಸಿಕ್ಕ ಜಾಗದಲ್ಲಿ. ಟೈಟಲ್ ಕಾರ್ಡಿನ ಜಗಳ ಹಳೆಯದು.

*

ಸಂಜೆ ಊರೊಳಗಿನ ಓಣಿಯಲ್ಲಿ ಚಿತ್ರೀಕರಣ. ಗಾಳಿ ಸದ್ದು ತಡೆಯಲು ಮೈಕಿಗೆ ಹೊದಿಸಿದ್ದ ಉಣ್ಣೆಯ ಟೊಪ್ಪಿಗೆಯನ್ನು ಮಂಗ್ಯಾ ಕಿತ್ತುಕೊಂಡು ಮಾಳಿಗೆ ಏರಿತು. ಅದನ್ನು ತಿರುವಿ ಮುರುವಿ ನೋಡಿ, ತಿನ್ನುವುದಲ್ಲ ಎಂದು ತಿಳಿದ ಮೇಲೆ ಬಿಸಾಕಿತು. ಅಷ್ಟರಲ್ಲಿ ಅಗಸ್ತ್ಯತೀರ್ಥದ ಆಚೆ ದಡದ ಭೂತನಾಥ ಗುಡಿಯ ಮೇಲಿದ್ದ ಪಡುವಣ ಬಿಸಿಲು ಇಳಿದುಹೋಗಿತ್ತು. ಬೆಳಕಿಗೋಸ್ಕರ ಬಂದವರು ಬೆಳಕಿಲ್ಲದೆ ತೆಗೆದುಕೊಂಡು ಹೋದರು.

ಬಾಗಲಕೋಟಿ

ನವನಗರದ ಒಂದು ಕೋಣೆಯಲ್ಲಿ ಎಡಿಟಿಂಗ್. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಗುಂಟ ಏರಿ ಹಳೆಯ ಊರಿನ ಓಣಿಗಳನ್ನು ನುಂಗಿದಾಗ ಸೆಕ್ಟರ್ ಸೆಕ್ಟರಾಗಿ ಕಟ್ಟಿದ ಊರು ಇದು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ಚರ್ಚೆ ಇಲ್ಲಿ ಹೊಸದಲ್ಲ.

ಮೊದಲ ಜೋಡಣೆ 16 ನಿಮಿಷ ಆಯಿತು. ಆರು ನಿಮಿಷ ಹೋಗಬೇಕು. ಬಾದಾಮಿ ಪೂರ್ತಿ ಹೋಯಿತು. ಗಂಡ ಕೂಗಾಡುವ ದೃಶ್ಯ ಎರಡು ನಿಮಿಷ ಉಳಿಯಿತು. ಸಬ್‌ಟೈಟಲ್ ಓದಲು ಹೊತ್ತು ಬೇಕಂತೆ. ಅಕ್ಕಾರ್ ರೆಪ್ಪೆ ಎತ್ತಿದ್ದು ಉಳಿಯಿತು. ಕೊಂಡಿ ಹಾಕುವ ದೃಶ್ಯ ಎಂಟು ಸೆಕೆಂಡಿಗೆ ಇಳಿಯಿತು.

“ಕಥೀನ ಆಕಿ ಕೆಲಸದ್ದಲ್ಲೇನೋ?”

“ಹೌದು ಮಾಮಾ. ಆದ್ರ ಅದನ್ನ ಎಷ್ಟಂತ ನೋಡ್ತಾರ? ಜ್ಯೂರಿಗೆ ಬೋರ್ ಆಗ್ತದ.”

ಅವನದೇನೂ ತಪ್ಪಿಲ್ಲ. ಅವಳ ಕೆಲಸ ಯಾರ ಗಣನೆಗೂ ಬಾರದ್ದು ಯಾಕೆಂದರೆ ಅದು ನಿಧಾನ, ಒಂದೇ ಥರ, ನೋಡಲು ಏನೂ ಇಲ್ಲ. ಇದನ್ನು ಹೇಳಲು ಹೊರಟ ಸಿನಿಮಾಕ್ಕೂ ಅದೇ ತೊಡಕು. ಜ್ಯೂರಿ ಬೇಸರಪಟ್ಟರೆ ಬಹುಮಾನ ಹೋಗುತ್ತದೆ, ಬೇಸರ ಪಡದಿದ್ದರೆ ವಿಷಯವೇ ಹೋಗುತ್ತದೆ.

*

ಖರ್ಚಿನ ಪಟ್ಟಿ ನನ್ನ ಪಾಲಿಗೆ ಬಂತು. ಮೈಕಿನ ಬಾಡಿಗೆ, ಮೆಮೊರಿ ಕಾರ್ಡು, ಪೆಟ್ರೋಲು, ಮಿರ್ಚಿ–ಗಿರಮಿಟ್ಟು. ‘ಮಗ್ಗ ನಿಂತ ಬಾಬತ್ತು’ ಎಂದು ಒಂದು ಮೊತ್ತ. ಮುಂದೆ ಇಳಕಲ್ಲಿನ ಯಜಮಾನರ ಸಹಿ. ಕ್ಯಾಮೆರಾದ ಮುಂದೆ ದಿನಗಟ್ಟಲೆ ಕೂತವರು ಅವರ ಹೆಂಡತಿ.

“ಮನೀ ಹಿರೇರ ಕೈಯಾಗ ಕೊಡಬೇಕಲ್ಲ ಮಾಮಾ” ಎಂದ ಅಳಿಯ. ಹೇಳಿ ಒಂದು ಗಳಿಗೆ ಸುಮ್ಮನಾದ.

ಆ ತಾಯಿಗೆ ಫೋನ್ ಮಾಡಿ, ದುಡ್ಡು ಮುಟ್ಟಿತೇ ಎಂದು ಕೇಳಿದೆ. “ಅವರ ಕಡೆ ಐತ್ರಿ. ಅದಿರಲಿ, ಸಿನಿಮಾದಾಗ ಆ ಹೆಣ್ಮಗಳು ಕಡೀಕ ಕೂಲಿ ಇಸಗೊಂಡ್ಲೋ ಇಲ್ಲೋ?”

ಚಿತ್ರಕಥೆ ತಿರುವಿದೆ. ಮಗ್ಗ ನಿಲ್ಲುತ್ತದೆ, ಗಂಡ ಕೂಗುತ್ತಾನೆ, ಆಮೇಲೆ ಮೆತ್ತಗಾಗುತ್ತಾನೆ, ಮಗ್ಗ ನಡೆಯುತ್ತದೆ. ಕೂಲಿಯ ಮಾತು ಇತ್ಯರ್ಥವಾಗಿಲ್ಲ. ಅಳಿಯನಿಗೆ ಹೇಳಿದೆ. ಅವನು ಪರದೆಯ ಮೂಲೆಯ ಅಂಕಿ ನೋಡಿದ.

“ಒಂಬತ್ತು ನಿಮಿಷ ನಲವತ್ತೈದು ಸೆಕೆಂಡಿಗೆ ಮುಗದೈತಿ. ಇನ್ನ ಹದಿನೈದು ಸೆಕೆಂಡ್ ಅದಾವ ಮಾಮಾ. ಅಷ್ಟರಾಗ ಕೂಲಿ ಕೊಡಸಬಹುದು. ಕಾರು ತೆಗಿ, ಇಳಕಲ್ಲಿಗೆ ಹೋಗೂಣು.”