ಆನೆಯ ದುಡ್ಡು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಳೆಗಾಲವನ್ನು ಕಂಡವರಿಗೆ ತೇವವೆಂದರೇನೆಂದು ಹೇಳಬೇಕಾಗಿಲ್ಲ. ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ನಮ್ಮ ಅಜ್ಜಿಯ ಸಂಪುಟದಲ್ಲಿದ್ದ ನಾಣ್ಯಗಳೂ ಹೀಗೆಯೇ ಕಪ್ಪಾಗಿದ್ದವು.

ಅದರಲ್ಲಿ ಐದನೆಯ ಜಾರ್ಜನ ಬೆಳ್ಳಿ ರೂಪಾಯಿಗಳಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆಗಳಿದ್ದವು. 1957ರಲ್ಲಿ ನಯಾಪೈಸೆ ಬಂದ ಮೇಲೆ ಇವು ಕ್ರಮೇಣ ವ್ಯವಹಾರದಿಂದ ಮರೆಯಾಗಿ, ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮಾತ್ರ ಹೊರಬರುತ್ತಿದ್ದವು. ಅವುಗಳಲ್ಲಿ ಒಂದು 'ಆನೆಯ ದುಡ್ಡು'. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಇಪ್ಪತ್ತು ಕಾಸಿನ ತಾಮ್ರದ ನಾಣ್ಯವದು. ಒಂದು ಮುಖದಲ್ಲಿ ಆನೆ, ಅದರ ಮೇಲೆ ಸೂರ್ಯಚಂದ್ರರು. ಅಜ್ಜಿಯ ತವರು ಸಾಗರದ ಕಡೆ. ಆಗ ಸಾಗರ ಮೈಸೂರು ಸಂಸ್ಥಾನದಲ್ಲಿತ್ತು, ನಮ್ಮ ಸಿದ್ದಾಪುರ ಮುಂಬಯಿ ಪ್ರಾಂತದಲ್ಲಿತ್ತು. ಮದುವೆಯಾಗಿ ಗಡಿ ದಾಟುವಾಗ ಅವಳ ತಾಯಿ ಸೆರಗಿಗೆ ಕಟ್ಟಿಕೊಟ್ಟ ನಾಣ್ಯವದು. ಮುಪ್ಪಿನಲ್ಲಿ ಅಜ್ಜಿಯ ಕಣ್ಣು ಮಂಜಾಗಿತ್ತು. ಆದರೂ ಸಂಪುಟದಲ್ಲಿ ಕೈಯಾಡಿಸಿ, ಹೆಬ್ಬೆರಳಿನಿಂದ ಸವರಿ, "ಇದೇ ನನ್ನ ಆನೆ" ಎನ್ನುತ್ತಿದ್ದಳು.

ಒಂದು ದೀಪಾವಳಿಗೆ ಅಜ್ಜಿಯನ್ನು ಸಂತೋಷಪಡಿಸಬೇಕೆಂದು ನಾನು ನಿಶ್ಚಯಿಸಿದೆ. ಪೂಜೆಯ ತಂಬಿಗೆಗಳು ಹುಣಸೆಹಣ್ಣಿನಿಂದ ಥಳಥಳಿಸುವುದನ್ನು ಕಂಡಿದ್ದೆನಷ್ಟೆ! ಆನೆಯ ದುಡ್ಡನ್ನು ರಾತ್ರಿಯೆಲ್ಲ ಹುಳಿಯ ನೀರಿನಲ್ಲಿ ನೆನೆಯಿಟ್ಟೆ. ಮರುದಿನ ನುಣ್ಣನೆಯ ಮರಳು, ತೆಂಗಿನ ನಾರು ಹಿಡಿದು ಮಧ್ಯಾಹ್ನದವರೆಗೂ ತಿಕ್ಕಿದೆ. ಕಪ್ಪೂ ಹಸುರೂ ಹೋಗಿ ನಾಣ್ಯ ಕೆಂಪಗೆ ಹೊಳೆಯಿತು. ಓಡಿಹೋಗಿ ಅಜ್ಜಿಯ ಅಂಗೈಯಲ್ಲಿಟ್ಟೆ.

ಅವಳು ಹೆಬ್ಬೆರಳಿನಿಂದ ಸವರಿದಳು. ಮಗುಚಿ ಮತ್ತೊಮ್ಮೆ ಸವರಿದಳು. "ಮಾಣಿ, ಇದು ಯಾವುದೋ ಬೇರೆಯದು. ನನ್ನ ಆನೆ ಎಲ್ಲಿ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸವೆದಿದ್ದ ಆನೆಯ ಉಳಿದ ಗೆರೆಗಳು ನನ್ನ ಮರಳಿನೊಡನೆ ಹೋಗಿಬಿಟ್ಟಿದ್ದವು.

ಬಹುಕಾಲದ ನಂತರ ನಾಣ್ಯಶಾಸ್ತ್ರ ಬಲ್ಲ ಹಿರಿಯರೊಬ್ಬರು ನನ್ನ ತಪ್ಪನ್ನು ತಿಳಿಸಿಕೊಟ್ಟರು. ಗಾಳಿ, ತೇವಗಳ ಸಂಪರ್ಕದಿಂದ ತಾಮ್ರದ ಮೇಲೂ, ಗಂಧಕದ ಸಂಪರ್ಕದಿಂದ ಬೆಳ್ಳಿಯ ಮೇಲೂ ತೆಳುವಾದ ಪೊರೆ ಬೆಳೆಯುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಪೊರೆ ಬಹುಮಟ್ಟಿಗೆ ಒಳಗಿನ ಲೋಹಕ್ಕೆ ಹೊದಿಕೆಯಾಗುತ್ತದೆ. ಎಷ್ಟೋ ಹಳೆಯ ನಾಣ್ಯಗಳಲ್ಲಿ ಅಕ್ಷರ, ಚಿತ್ರಗಳ ಸೂಕ್ಷ್ಮ ಗೆರೆಗಳು ಆ ಪೊರೆಯಲ್ಲಿಯೇ ಉಳಿದಿರುತ್ತವೆ. ಹುಳಿ ಅದನ್ನು ಕರಗಿಸುತ್ತದೆ. ಮರಳು ಲೋಹವನ್ನೇ ಸವೆಸುತ್ತದೆ. ಮಣ್ಣು ಮೆತ್ತಿದ್ದರೆ ಶುದ್ಧವಾದ ನೀರಿನಲ್ಲಿ ನೆನೆಸಿ, ತಿಕ್ಕದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ಹಸುರು ಪುಡಿ ಉದುರುತ್ತಿದ್ದರೆ ತಿಳಿದವರಿಗೆ ತೋರಿಸಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ತೇವವಿಲ್ಲದಲ್ಲಿ ಇಡಬೇಕು. ಹೊಳಪು ಬಂದಿತೆಂದು ಹಳೆಯ ನಾಣ್ಯದ ಬೆಲೆ ಹೆಚ್ಚುವುದಿಲ್ಲ, ತಗ್ಗುತ್ತದೆ.

ಶಿರಸಿಗೆ ಸಮೀಪದ ಬನವಾಸಿ ಕದಂಬರ ರಾಜಧಾನಿಯಾಗಿತ್ತು. ಅಂತಹ ನೆಲದಲ್ಲಿ ಸಿಕ್ಕ ನಾಣ್ಯವನ್ನು ಯಾರಾದರೂ ನನ್ನಂತೆ ಉಜ್ಜಿದರೆ, ಅಳಿಸಿಹೋಗುವುದು ಒಬ್ಬ ಅರಸನ ಹೆಸರೇ ಆಗಿರಬಹುದು.

ಅಜ್ಜಿ ಈಗಿಲ್ಲ. ಆನೆಯಿಲ್ಲದ ಆ ದುಡ್ಡು ನನ್ನ ಬಳಿ ಇದೆ. ನಾನು ತಿಕ್ಕಿದ ಹೊಳಪು ಎಂದೋ ಮಾಸಿ, ನಾಣ್ಯ ಮತ್ತೆ ಕಪ್ಪಾಗಿದೆ. ಕಪ್ಪು ತಾನಾಗಿ ಮರಳಿ ಬಂದಿತು, ಆನೆ ಬರಲಿಲ್ಲ.