ನಡುರಸ್ತೆ

ಅಪ್ಪ ಊರಿಂದ ಬಂದಿದ್ದ. ಭಾನುವಾರ. ಕಬ್ಬನ್ ಪಾರ್ಕಿಗೆ ಕರಕೊಂಡು ಹೋದೆ. ಭಾನುವಾರ ಅಲ್ಲಿಯ ಒಳರಸ್ತೆಗಳಿಗೆ ಕಾರು, ಬೈಕು ಬಿಡೋದಿಲ್ಲ. ಹೈಕೋರ್ಟಿನ ಕೆಂಪು ಕಟ್ಟಡದ ಹಿಂದೆ ಮಕ್ಕಳು ರಸ್ತೆ ತುಂಬ ಸೈಕಲ್ ತುಳೀತಿದ್ದವು. ಅಪ್ಪ ಮಾತ್ರ ಅಂಚು ಹಿಡಿದೇ ನಡೆದ.

"ನಡೂಕೆ ಬಾರಪ್ಪ, ಯಾರೂ ಏನೂ ಅನ್ನಲ್ಲ" ಅಂದೆ. ಹರೆಯದಲ್ಲಿ ಗೌಡರ ಬೀದಿ ಬಂದಾಗೆಲ್ಲ ಎಕ್ಕಡ ಕಳಚಿ ಕೈಲಿ ಹಿಡಿದ ಮನುಷ್ಯ. ನನ್ನ ಒಂದು ಮಾತಿಗೆ ಆ ಕಾಲು ನಡುರಸ್ತೆಗೆ ಬರುತ್ತದೆಯೆ?

ರಸ್ತೆ ಮುಚ್ಚುವುದೆಂದರೆ ನಮ್ಮನ್ನು ಹೊರಗಿಡೋದು ಅಂತಲೇ ನಾವು ಕಲಿತದ್ದು. ತಿರುವಾಂಕೂರಿನ ವೈಕಂನಲ್ಲಿ ಗುಡಿ ಸುತ್ತಲ ರಸ್ತೆಯಲ್ಲಿ ಈಳವರು, ಪುಲಯರು ಬರೀ ನಡೆಯೋದಕ್ಕೇ 1924ರಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ಇಲ್ಲಿ ಮುಚ್ಚಿದ್ದು ಕಾರಿಗೆ, ಕಾಲಿಗಲ್ಲ.

2020ರ ಲಾಕ್‌ಡೌನಿನಲ್ಲಿ ಪಾರ್ಕಿನೊಳಗೆ ವಾಹನ ನಿಂತಿದ್ದವು. ಹಾಗೇ ಇರಲಿ ಅಂತ ಬಹಳ ಜನ ಕೇಳಿದರು. ಮತ್ತೆ ಬಿಟ್ಟರು. ಸುತ್ತಲ ರಸ್ತೆಗಳು ಕಟ್ಟಿಕೊಳ್ಳುತ್ತವಂತೆ! ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಸುತ್ತುದಾರಿಗಳಿಂದ 2018ರಲ್ಲೇ ಕಾರು ಹೊರಗೆ ಹಾಕಿದ್ದಾರೆ. ಆ ಊರೇನೂ ನಿಂತುಹೋಗಿಲ್ಲ.

ಎಲ್ಲ ದಿನವೂ ಮುಚ್ಚಲಿ ಅನ್ನುವವನೇ ನಾನು. ಒಂದೇ ಅಳುಕು. ಕಾರು ಹೋದ ಮೇಲೆ ಗೇಟಿನ ಸರಪಳಿ ಯಾರ ಕಡೆ ತಿರುಗುತ್ತೆ? ಮಧ್ಯಾಹ್ನ ಮರದಡಿ ಮಲಗುವ ಗಾರೆ ಕೆಲಸದವನ ಕಡೆಗೋ, ಕಡಲೆಕಾಯಿ ಬುಟ್ಟಿಯ ಅಜ್ಜಿ ಕಡೆಗೋ? ಪಾರ್ಕಿನ ಚೆಂದದ ಮಾತಾಡುವವರು ಇದನ್ನೂ ಸೇರಿಸಿ ಮಾತಾಡಲಿ.

ವಾಪಸ್ ಬರುವಾಗ ಅಪ್ಪ ನಡುರಸ್ತೆಗೆ ಬಂದು ನಿಂತ. ಕಾಲಲ್ಲಿ ಎಕ್ಕಡ ಇತ್ತು.

"ನಾಳೀಕೂ ಹಿಂಗೇ ಇರ್ತದೇನ್ಲಾ?"

"ಇಲ್ಲಪ್ಪ, ನಾಳೆ ಸೋಮವಾರ."