ಒಂದೇ ಸೀರೆ, ಎರಡು ಬಿಲ್ಲು

ಚಿಕ್ಕಪೇಟೆಯ ಒಂದು ಸೀರೆ ಅಂಗಡಿ. ಲೆಕ್ಕವೆಲ್ಲ ಮೂಲೆಯ ಕಂಪ್ಯೂಟರಿನ ಟ್ಯಾಲಿಯಲ್ಲಿ, ಆನ್‌ಲೈನ್ ವ್ಯಾಪಾರ ಶಾಪಿಫೈನಲ್ಲಿ. ಎರಡನ್ನೂ ಕ್ಲೌಡ್ ಮೂಲಕ ಜೋಡಿಸಿದವನು ನಾನು. ಆರ್ಡರ್ ಬಂದ ಕೂಡಲೇ ಶಾಪಿಫೈ ಸುದ್ದಿ ಕಳಿಸುತ್ತೆ. 5 ಸೆಕೆಂಡಲ್ಲಿ ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತೆ. ನಾನೋ, ಟ್ಯಾಲಿಯಲ್ಲಿ ಬಿಲ್ ಆದಮೇಲೇ ಉತ್ತರ ಹೋಗೋ ಹಾಗೆ ಬರೆದಿದ್ದೆ. ಆ ಹಳೇ ಕಂಪ್ಯೂಟರ್ ತಿಣುಕುವಷ್ಟರಲ್ಲಿ ಅದೇ ಆರ್ಡರ್ ಇನ್ನೊಮ್ಮೆ! ದೀಪಾವಳಿ ವಾರವಿಡೀ ಒಂದೊಂದು ಸೀರೆಗೆ ಎರಡೆರಡು ಬಿಲ್ಲು. ವಯಸ್ಸಾದ ಗುಮಾಸ್ತರು ಹಬ್ಬದ ರಾತ್ರಿ ಕೂತು ಒಂದೊಂದಾಗಿ ಅಳಿಸಿದರು.

"ನಾನು ಆರ್ಡರ್ ನಂಬರ್ ನೋಡಿ ಟಿಕ್ ಹಾಕ್ತಿದ್ದೆ ಕಣಪ್ಪಾ, ನಿನ್ನ ಮಿಷನ್ನು ಹಾಕಲ್ವಾ?"

ಹಾಕ್ತಿರಲಿಲ್ಲ. ಬಿಇ ಓದಿದ ನನಗೆ ಹೊಳೆದೇ ಇರಲಿಲ್ಲ. ಈಗ ಮೊದಲು ಉತ್ತರ ಕೊಟ್ಟು, ಆರ್ಡರನ್ನು ಸರದಿಯಲ್ಲಿ ನಿಲ್ಲಿಸಿ, ನಂಬರ್ ಹಳೇದಾದ್ರೆ ಬಿಟ್ಟುಬಿಡ್ತೀನಿ. ಗುಮಾಸ್ತರು ಮಾತ್ರ ಈಗಲೂ ಟಿಕ್ ಹಾಕ್ತಾರೆ.